ಶೇಕಡಾ 9 ಏರಿತು ಅಂತೀರಿ, ಯಾವ ಮನೆ ಏರಿತು ಸ್ವಾಮಿ?

ನಮ್ಮ ವಲಯದ ಮನೆ ಮಾರುಕಟ್ಟೆಯ ಬಗ್ಗೆ ಪ್ರತಿ ತಿಂಗಳು ವರದಿ ಹೊರಡಿಸುವ ಮಂಡಳಿಯವರಿಗೆ,

ನಮಸ್ಕಾರ.

ನಾನು ನಿಮ್ಮ ವರದಿಯ ಖಾಯಂ ಓದುಗ. ಎರಡು ವರ್ಷದಿಂದ ಮನೆ ಹುಡುಕುತ್ತಿದ್ದೇನೆ, ಅದಕ್ಕೆ. ಇಲ್ಲದಿದ್ದರೆ ಇಂಥದ್ದನ್ನು ಯಾರು ತಾನೇ ಕೊನೇ ಪುಟದವರೆಗೆ ಓದುತ್ತಾರೆ ಹೇಳಿ. ಮೊದಲ ಪುಟದಲ್ಲಿ ದೊಡ್ಡದಾಗಿ ಒಂದು ಅಂಕಿ, ಪಕ್ಕದಲ್ಲಿ ಹಸಿರು ಬಾಣ, ಕೆಳಗೆ "ಮಾರುಕಟ್ಟೆ ಆರೋಗ್ಯಕರವಾಗಿದೆ" ಅಂತ ಒಂದು ಸಾಲು. ಪತ್ರಿಕೆಯವರು ಅಷ್ಟನ್ನೇ ಎತ್ತಿ ಹಾಕುತ್ತಾರೆ. ದಲ್ಲಾಳಿಗಳು ಅಷ್ಟನ್ನೇ ವಾಟ್ಸಾಪಿನಲ್ಲಿ ಹಂಚುತ್ತಾರೆ. ಸಂಜೆಯೊಳಗೆ ಅದು ಎಲ್ಲರ ಬಾಯಲ್ಲೂ ಇರುತ್ತದೆ.

ಕಳೆದ ವರ್ಷ ಒಂದು ದಿನ ನಾನೂ ನನ್ನ ಹೆಂಡತಿಯೂ ಒಂದು ಹಳೇ ಮನೆ ನೋಡಲು ಹೋಗಿದ್ದೆವು. ಎರಡು ಕೋಣೆ, ಚಿಕ್ಕ ಅಂಗಳ, ಹಿಂದಿನ ಗೋಡೆಯಲ್ಲಿ ಸ್ವಲ್ಪ ತೇವ. ಮನೆಯ ಯಜಮಾನರು ನಿವೃತ್ತರು, ಮಗಳ ಹತ್ತಿರ ಹೋಗಿ ಇರಬೇಕು ಅಂದುಕೊಂಡಿದ್ದರು. ನಮಗೂ ಮನೆ ಹಿಡಿಸಿತ್ತು, ಅವರಿಗೂ ನಾವು ಹಿಡಿಸಿದ್ದೆವು ಅನ್ನಿಸುತ್ತದೆ. ಮಾತು ಹತ್ತಿರ ಹತ್ತಿರ ಬಂದಿತ್ತು. ಅಷ್ಟರಲ್ಲಿ ಅವರು ಫೋನ್ ತೆಗೆದು ನಿಮ್ಮ ಮೊದಲ ಪುಟ ತೋರಿಸಿದರು. "ನೋಡಪ್ಪಾ, ಒಂದೇ ತಿಂಗಳಿಗೆ ಶೇಕಡಾ 9 ಏರಿದೆ. ನಾನು ಹೇಳಿದ್ದಲ್ಲ, ಮಂಡಳಿಯವರೇ ಬರೆದಿದ್ದಾರೆ. ಇನ್ನೊಂದೆರಡು ತಿಂಗಳು ಕಾಯ್ತೀನಿ."

ಅವರದ್ದೇನೂ ತಪ್ಪಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಮೆಟ್ಟಿಲು ಇಳಿಯುವಾಗ ಹೆಂಡತಿ ಕೇಳಿದಳು: "ಶೇಕಡಾ 9 ಏರಿತು ಅಂತಾರಲ್ಲ, ಯಾವ ಮನೆ ಏರಿತು ರೀ?"

ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ನಿಮ್ಮ ವರದಿಯ ಕೊನೆಯ ಕೋಷ್ಟಕ ತೆಗೆದು ನೋಡಿದೆ. ಚಿಕ್ಕ ಅಕ್ಷರ, ಕಣ್ಣು ಕಿರಿದು ಮಾಡಿ ಓದಬೇಕು. ಆ ಭಾಗದಲ್ಲಿ ಹಿಂದಿನ ತಿಂಗಳು ಮಾರಾಟವಾದದ್ದು 41 ಮನೆ. ಈ ತಿಂಗಳು 23. ಅಂದರೆ ಹೆಚ್ಚುಕಡಿಮೆ ಅರ್ಧ ಜನ ಮಾರುಕಟ್ಟೆಯಿಂದ ಎದ್ದು ಹೋಗಿದ್ದಾರೆ. ಅದನ್ನು ಕೊನೇ ಪುಟದಲ್ಲಿ ಮುಚ್ಚಿಟ್ಟು ಮೊದಲ ಪುಟದಲ್ಲಿ ಹಸಿರು ಬಾಣ! ಮುಚ್ಚಿಟ್ಟು ಅನ್ನುವುದು ಜಾಸ್ತಿಯಾಯಿತೇನೋ. ಮಡಚಿಟ್ಟು ಅನ್ನೋಣ.

ನಿಮ್ಮ ಲೆಕ್ಕ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಕೋಷ್ಟಕ ತಯಾರು ಮಾಡುವವರು ಯಾರೋ ಶ್ರದ್ಧೆಯಿಂದ ಮಾಡುತ್ತಾರೆ, ಅದು ನೋಡಿದರೇ ಗೊತ್ತಾಗುತ್ತದೆ. ಆದರೆ ಲೆಕ್ಕ ಸರಿ ಇದ್ದೂ ಮಾತು ತಪ್ಪಾಗಬಹುದು. ಹೇಗೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ನೀವು ಬಳಸುವುದು ಮಧ್ಯಾಂಕ ಬೆಲೆ. ಮಾರಿದ ಮನೆಗಳನ್ನೆಲ್ಲ ಅಗ್ಗದ್ದರಿಂದ ದುಬಾರಿಯವರೆಗೆ ಸಾಲಾಗಿ ನಿಲ್ಲಿಸಿ, ನಟ್ಟ ನಡುವೆ ನಿಂತ ಮನೆಯ ಬೆಲೆ ಎಷ್ಟು ಅಂತ ನೋಡುವುದು. ಸರಾಸರಿಗಿಂತ ಇದು ಒಳ್ಳೆಯದೇ, ಯಾಕೆಂದರೆ ಯಾರೋ ಒಬ್ಬ ಸಾಹುಕಾರ ಬಂಗಲೆ ಕೊಂಡರೆ ಸರಾಸರಿ ಹಾರಿಬಿಡುತ್ತದೆ, ಮಧ್ಯಾಂಕ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ.

ಸರಿ, ಒಂದು ತಿಂಗಳು 11 ಮನೆ ಮಾರಾಟವಾದವು ಅಂತ ಇಟ್ಟುಕೊಳ್ಳಿ. ಬೆಲೆಗಳು 20, 22, 24, 25, 26, 30, 34, 40, 48, 60, 75. ಯಾವ ನಾಣ್ಯ ಬೇಕಾದರೂ ಇಟ್ಟುಕೊಳ್ಳಿ, ವ್ಯತ್ಯಾಸವಿಲ್ಲ. ನಡುವಿನದು 30. ಮುಂದಿನ ತಿಂಗಳು ಸಾಲದ ಬಡ್ಡಿ ಏರಿತು. ಚಿಕ್ಕ ಮನೆ ಕೊಳ್ಳುವವರು ಸಾಲದ ಮೇಲೇ ನಿಂತವರು, ಅವರು ಹಿಂದೆ ಸರಿದರು. ಕೆಳಗಿನ ನಾಲ್ಕು ಮನೆ ಮಾರಾಟವೇ ಆಗಲಿಲ್ಲ. ಉಳಿದಂತೆ ಅಂಥವೇ ಏಳು ಮನೆ ಹೋದವು, ಆದರೆ ಪ್ರತಿಯೊಂದೂ ಶೇ. 5ರಷ್ಟು ಕಡಿಮೆಗೆ. ಈಗ ನಡುವೆ ನಿಂತದ್ದು ಹಿಂದಿನ ತಿಂಗಳು 40ಕ್ಕೆ ಹೋದಂಥ ಮನೆ, ಈ ತಿಂಗಳ ಬೆಲೆ 38. ಮೂವತ್ತರಿಂದ ಮೂವತ್ತೆಂಟು! ನಿಮ್ಮ ಮೊದಲ ಪುಟ ಏನು ಹೇಳುತ್ತದೆ? ಬೆಲೆ ಸುಮಾರು ಶೇ. 27ರಷ್ಟು ಏರಿಕೆ, ಹಸಿರು ಬಾಣ. ನಿಜದಲ್ಲಿ ನಡೆದದ್ದೇನು? ಒಂದೊಂದು ಮನೆಯ ಬೆಲೆಯೂ ಇಳಿದಿದೆ, ನಾಲ್ಕು ಮಾರಾಟ ನಿಂತೇ ಹೋಗಿವೆ.

ಇದು ಸುಮ್ನೆ ಕಾಗದದ ಮೇಲಿನ ಆಟ ಅಂತ ನೀವು ಹೇಳಬಹುದು. ಅಮೆರಿಕವನ್ನೇ ನೋಡಿ. ಅಲ್ಲಿ 2021ರಲ್ಲಿ 30 ವರ್ಷದ ಗೃಹಸಾಲಕ್ಕೆ ಬಡ್ಡಿ ಶೇ. 3ರ ಆಸುಪಾಸಿನಲ್ಲಿತ್ತು. 2023ರ ಅಕ್ಟೋಬರ್ ಹೊತ್ತಿಗೆ ಶೇ. 8ರ ಹತ್ತಿರ ಬಂತು. ಕಡಿಮೆ ಬಡ್ಡಿಯ ಸಾಲ ಇದ್ದವರು ಮನೆ ಮಾರಲು ಒಪ್ಪಲಿಲ್ಲ, ಯಾಕೆಂದರೆ ಇದನ್ನು ಮಾರಿ ಇನ್ನೊಂದು ಕೊಂಡರೆ ಹೊಸ ಸಾಲಕ್ಕೆ ಎರಡು ಪಟ್ಟಿಗಿಂತ ಹೆಚ್ಚು ಬಡ್ಡಿ. ಕೊಳ್ಳುವವರಿಗೂ ಕೈಗೆಟುಕಲಿಲ್ಲ. ಆ ವರ್ಷ ಅಲ್ಲಿ ಹಳೇ ಮನೆಗಳ ಮಾರಾಟ 41 ಲಕ್ಷದ ಒಳಗೇ ನಿಂತಿತು, 1995ರ ನಂತರ ಅಷ್ಟು ಕಡಿಮೆ ಆಗಿರಲೇ ಇಲ್ಲ. ಅದೇ ವರ್ಷ ಮಧ್ಯಾಂಕ ಬೆಲೆ ಅಲ್ಲಿಯವರೆಗಿನ ದಾಖಲೆ ಮುಟ್ಟಿತು. ಅಲ್ಲಿ ಮನೆಗಳು ನಿಜಕ್ಕೂ ತುಟ್ಟಿಯಾಗಿದ್ದವು, ಅದು ಬೇರೆ. ಆದರೆ ಬೆಲೆಯ ಅಂಕಿ ಒಂದನ್ನೇ ನೋಡಿದವನಿಗೆ ಭರ್ಜರಿ ವರ್ಷ, ಮಾರಾಟದ ಅಂಕಿ ಒಂದನ್ನೇ ನೋಡಿದವನಿಗೆ ಹೆಪ್ಪುಗಟ್ಟಿದ ವರ್ಷ. ಎರಡನ್ನೂ ಒಟ್ಟಿಗೆ ಇಟ್ಟರೆ ಮಾತ್ರ ಕಥೆ ಗೊತ್ತಾಗುವುದು.

ಮಾರಿದ ಮನೆಗಳ ಮಿಶ್ರಣ ಬದಲಾದರೆ, ಅಂದರೆ ಚಿಕ್ಕವು ಕಡಿಮೆಯಾಗಿ ದೊಡ್ಡವು ಉಳಿದರೆ, ಅಂಕಿ ದಾರಿ ತಪ್ಪಿಸುತ್ತದೆ ಅನ್ನುವುದು ಗೊತ್ತಾಗಿ ಬಹಳ ಕಾಲವಾಯಿತು. 1963ರಲ್ಲೇ ಬೈಲಿ, ಮ್ಯೂತ್, ನೋರ್ಸ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಒಂದು ದಾರಿ ತೋರಿಸಿದರು: ಬೇರೆ ಬೇರೆ ಮನೆಗಳನ್ನು ಹೋಲಿಸಬೇಡಿ, ಅದೇ ಮನೆ ಹಿಂದೆ ಎಷ್ಟಕ್ಕೆ ಮಾರಿತ್ತು, ಈಗ ಎಷ್ಟಕ್ಕೆ ಮಾರಿತು ನೋಡಿ. 80ರ ದಶಕದಲ್ಲಿ ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಅದನ್ನೇ ಬೆಳೆಸಿದರು, ಅಮೆರಿಕದ ಮನೆ ಬೆಲೆಗೆ ಅವರ ಹೆಸರಿನ ಸೂಚ್ಯಂಕ ಇವತ್ತಿಗೂ ಪ್ರತಿ ತಿಂಗಳು ಬರುತ್ತದೆ. ಯಾವ ಮನೆ ಏರಿತು ರೀ ಅಂತ ನನ್ನ ಹೆಂಡತಿ ಕೇಳಿದ್ದೂ ಇದನ್ನೇ ಅಲ್ವಾ? ಬ್ರಿಟನ್ನಿನ ಸರ್ಕಾರಿ ಸೂಚ್ಯಂಕದವರು ಇನ್ನೊಂದು ದಾರಿ ಹಿಡಿದಿದ್ದಾರೆ. ಮನೆ ಯಾವ ಬಗೆಯದು, ಎಷ್ಟು ದೊಡ್ಡದು, ಎಲ್ಲಿದೆ ಅನ್ನುವುದನ್ನೆಲ್ಲ ಲೆಕ್ಕಕ್ಕೆ ಹಿಡಿದು, ಆ ವ್ಯತ್ಯಾಸ ಕಳೆದ ಮೇಲೆ ಬೆಲೆ ಎಷ್ಟು ಬದಲಾಯಿತು ಅಂತ ಹೇಳುತ್ತಾರೆ. ಒಂದು ಚಿಕ್ಕ ವಲಯದಲ್ಲಿ ಅಷ್ಟೆಲ್ಲ ಮಾಡಲು ಮಾಹಿತಿ ಸಾಲದು, ಒಪ್ಪುತ್ತೇನೆ. ಹಾಗಿದ್ದರೆ ಮೂರು ತಿಂಗಳದ್ದು ಸೇರಿಸಿ ಕೊಡಿ. ಕೇಸ್-ಶಿಲ್ಲರ್ ಸೂಚ್ಯಂಕವೂ ಮೂರು ತಿಂಗಳ ಸರಾಸರಿಯೇ. ಅದರ ಮೇ ತಿಂಗಳ ಅಂಕಿಯಲ್ಲಿ ಮಾರ್ಚ್, ಏಪ್ರಿಲ್ ಕೂಡ ಸೇರಿರುತ್ತವೆ, ಹೊರಬರುವುದು ಜುಲೈ ಕೊನೆಗೆ. ದೊಡ್ಡ ದೊಡ್ಡ ನಗರಗಳ ಸಾವಿರಾರು ಮಾರಾಟ ಇಟ್ಟುಕೊಂಡವರೇ ಒಂದು ತಿಂಗಳನ್ನು ನಂಬುವುದಿಲ್ಲ. ನೀವು 23 ಮನೆ ಇಟ್ಟುಕೊಂಡು ನಂಬುತ್ತೀರಿ.

ತಿಂಗಳು ಅಂದೆನಲ್ಲ, ಯಾವ ತಿಂಗಳು ಅನ್ನುವುದೂ ಒಂದು ಪ್ರಶ್ನೆ. ಕೊಳ್ಳುವವನೂ ಮಾರುವವನೂ ಬೆಲೆಗೆ ಒಪ್ಪಿ ಕೈಕುಲುಕಿದ ದಿನ ಒಂದು. ಸಾಲ ಮಂಜೂರಾಗಿ, ಕಾಗದಪತ್ರ ನೋಡಿ, ನೋಂದಣಿಯಾಗುವ ದಿನ ಇನ್ನೊಂದು. ನಡುವೆ ಒಂದೆರಡು ತಿಂಗಳು ಸುಲಭವಾಗಿ ಹೋಗುತ್ತದೆ. ನೀವು ಎಣಿಸುವುದು ನೋಂದಣಿಯನ್ನು. ವರದಿ ಬರುವಷ್ಟರಲ್ಲಿ ಮತ್ತೂ ಕೆಲವು ವಾರ. ಹಾಗಾಗಿ "ಈ ತಿಂಗಳ ಮಾರುಕಟ್ಟೆ" ಅಂತ ನೀವು ಬರೆಯುವುದು ನಿಜಕ್ಕೂ ಮೂರು ತಿಂಗಳ ಹಿಂದೆ ಜನ ಮಾಡಿದ ತೀರ್ಮಾನ. ಆ ನಡುವೆ ಬಡ್ಡಿ ಏರಿದ್ದರೆ ನಿಮ್ಮ ವರದಿ ಇನ್ನೂ ಹಳೇ ಬಡ್ಡಿಯ ಲೋಕದಲ್ಲೇ ಇರುತ್ತದೆ. ತಪ್ಪೇನಿಲ್ಲ, ಆದರೆ ಒಂದು ಸಾಲು ಬರೆಯಬಹುದಲ್ವಾ?

ಜತೆಗೆ ತಿಂಗಳುಗಳಿಗೆ ತಮ್ಮದೇ ಗುಣ ಇರುತ್ತದೆ. ಶಾಲೆ ರಜೆಯ ಹೊತ್ತಿಗೆ ಸಂಸಾರಸ್ಥರು ಮನೆ ಬದಲಿಸುತ್ತಾರೆ, ಸಂಸಾರಸ್ಥರು ಕೊಳ್ಳುವುದು ದೊಡ್ಡ ಮನೆ, ಹಾಗಾಗಿ ಆಗ ಮಧ್ಯಾಂಕ ತಾನಾಗಿಯೇ ಮೇಲೇರುತ್ತದೆ, ಚಳಿಯಲ್ಲೋ ಮಳೆಯಲ್ಲೋ ತಾನಾಗಿಯೇ ಇಳಿಯುತ್ತದೆ. ಹಿಂದಿನ ತಿಂಗಳಿಗೆ ಹೋಲಿಸಿದರೆ ಏರಿಳಿತ ಕಾಣದೆ ಇನ್ನೇನು ಕಾಣುತ್ತದೆ? ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಬೇಕು. ಅದೂ ಕಣ್ಣುಮುಚ್ಚಿ ಅಲ್ಲ. ಬ್ರಿಟನ್ನಿನಲ್ಲಿ 2020ರ ಜುಲೈನಲ್ಲಿ ಮನೆ ಕೊಳ್ಳುವವರ ತೆರಿಗೆಗೆ ದೊಡ್ಡ ವಿನಾಯಿತಿ ಕೊಟ್ಟರು. ಇಂಗ್ಲೆಂಡಿನಲ್ಲಿ ಅದರ ದೊಡ್ಡ ಭಾಗ 2021ರ ಜೂನ್ 30ಕ್ಕೆ ಮುಗಿಯುತ್ತಿತ್ತು. ಎಲ್ಲರೂ ಮುಗಿಬಿದ್ದು ಜೂನ್‌ನಲ್ಲೇ ಮುಗಿಸಿದರು, ದೇಶದಲ್ಲಿ ಒಂದೇ ತಿಂಗಳಲ್ಲಿ ಸುಮಾರು 2 ಲಕ್ಷ ಮನೆ ಕೈ ಬದಲಾದವು. ಜುಲೈನಲ್ಲಿ ಧೊಪ್ಪನೆ ಬಿತ್ತು. ಈಗ 2022ರ ಜೂನ್ ಅನ್ನು ಆ ಜೂನ್‌ಗೆ ಹೋಲಿಸಿ ಮಾರಾಟ ಕುಸಿಯಿತು ಅಂದರೆ ಅರ್ಥವಿದೆಯೇ? ಕುಸಿದಿರಲಿಲ್ಲ. ಹಿಂದಿನ ವರ್ಷದ ತಿಂಗಳೇ ಗಡುವಿನ ತಿಂಗಳು.

"ಸ್ಟಾಕ್" ವಿಷಯಕ್ಕೆ ಬರುತ್ತೇನೆ. ಮಾರಾಟಕ್ಕಿರುವ ಮನೆಗಳನ್ನು ತಿಂಗಳ ಮಾರಾಟದಿಂದ ಭಾಗಿಸಿ, ಇಷ್ಟು ತಿಂಗಳಿಗೆ ಸಾಕಾಗುವಷ್ಟು ಮನೆ ಇದೆ ಅಂತೀರಿ. 240 ಮನೆ ಇದ್ದು ತಿಂಗಳಿಗೆ 60 ಹೋದರೆ 4 ತಿಂಗಳು. ಐದಾರು ತಿಂಗಳು ಇದ್ದರೆ ಸಮತೋಲನ, ಕಡಿಮೆಯಾದರೆ ಮಾರುವವನ ಕೈ ಮೇಲು, ಜಾಸ್ತಿಯಾದರೆ ಕೊಳ್ಳುವವನ ಕೈ ಮೇಲು ಅನ್ನುವುದು ಅಮೆರಿಕದ ಕಡೆಯ ಹಳೇ ಅಂದಾಜು. ಮುಂದಿನ ತಿಂಗಳು 30 ಮಾತ್ರ ಹೋದರೆ ಅದೇ 240 ಮನೆ 8 ತಿಂಗಳ ಸ್ಟಾಕ್ ಆಗಿಬಿಡುತ್ತದೆ. ಹೊಸದಾಗಿ ಒಂದು ಬೋರ್ಡೂ ನೆಟ್ಟಿಲ್ಲ. ಆದರೂ ಪತ್ರಿಕೆಯಲ್ಲಿ "ಮನೆಗಳ ಸಂಗ್ರಹ ದುಪ್ಪಟ್ಟು" ಅಂತ ಬಂತು, ನಾನೇ ಓದಿದೆ. ಹೆಚ್ಚಾದದ್ದು ಮನೆಯಲ್ಲ, ಹಿಂಜರಿಕೆ. ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಬೇರೆ ಬೇರೆ ಕೊಟ್ಟರೆ ಸಾಕು, ಭಾಗಾಕಾರ ನಾವೇ ಮಾಡಿಕೊಳ್ಳುತ್ತೇವೆ.

ಇನ್ನು ನನಗೆ ನಿಜವಾಗಿ ಸಿಟ್ಟು ಬರುವುದು "ಮಾರಾಟಕ್ಕೆ ಹಿಡಿದ ದಿನ" ನೋಡಿದಾಗ. ಮನೆಗಳು 24 ದಿನದಲ್ಲಿ ಮಾರಾಟವಾಗುತ್ತಿವೆ ಅಂತೀರಿ. ಯಾವ ಮನೆಗಳು? ಮಾರಾಟವಾದ ಮನೆಗಳು! ಮಾರಾಟವಾಗದೆ ಆರು ತಿಂಗಳಿಂದ ಬಿದ್ದಿರುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಪಾಸಾದವರ ಅಂಕ ಮಾತ್ರ ಕೂಡಿಸಿ ಶಾಲೆಯ ಫಲಿತಾಂಶ ಹೇಳಿದ ಹಾಗೆ. ಮಾರುಕಟ್ಟೆ ಕೆಟ್ಟಾಗ ಚೆನ್ನಾಗಿರುವ, ಬೆಲೆ ಸರಿ ಇರುವ ಮನೆ ಮಾತ್ರ ಬೇಗ ಹೋಗುತ್ತದೆ, ಉಳಿದವು ನಿಲ್ಲುತ್ತವೆ, ಆಗ ನಿಮ್ಮ ದಿನದ ಅಂಕಿ ಚೆಂದ ಕಾಣುತ್ತದೆ. ಮಾರುಕಟ್ಟೆ ಸುಧಾರಿಸಿ ಆ ಹಳೇ ಮನೆಗಳು ಕೊನೆಗೂ ಹೋದಾಗ ಅವುಗಳ ಇನ್ನೂರು ಮುನ್ನೂರು ದಿನವೆಲ್ಲ ಒಟ್ಟಿಗೆ ಸೇರಿ ಅಂಕಿ ಕೆಡುತ್ತದೆ. ತಲೆಕೆಳಗು. ಇಷ್ಟು ಸಾಲದು ಅಂತ, ಜಾಹೀರಾತು ತೆಗೆದು ಹದಿನೈದು ದಿನ ಬಿಟ್ಟು ಮತ್ತೆ ಹಾಕಿದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಇದು ದಲ್ಲಾಳಿಗಳಿಗೆಲ್ಲ ಗೊತ್ತಿರುವ ಉಪಾಯ. ನಿಮಗೂ ಗೊತ್ತಿರಬೇಕು.

"ಕೇಳಿದ ಬೆಲೆಗೆ ಶೇ. 98ರಷ್ಟು ಸಿಗುತ್ತಿದೆ" ಅನ್ನುವುದೂ ಇದೇ ಜಾತಿಯದು. ಮೊದಲು 100 ಕೇಳಿ, ಯಾರೂ ಬರದೆ 95ಕ್ಕೆ ಇಳಿಸಿ, ಮತ್ತೆ 90ಕ್ಕೆ ಇಳಿಸಿ, ಕೊನೆಗೆ 88ಕ್ಕೆ ಕೊಟ್ಟರೆ, ನೀವು 88ನ್ನು 90ಕ್ಕೆ ಹೋಲಿಸಿ ಶೇ. 98 ಅಂತೀರಿ. ಮೊದಲ ದಿನದ ಬೆಲೆಗೆ ಹೋಲಿಸಿದರೆ 88. ಮಾರುವವನಿಗೆ ಹನ್ನೆರಡು ಪೆಟ್ಟು ಬಿದ್ದಿದೆ, ವರದಿಯಲ್ಲಿ ಎರಡೇ ಕಾಣುತ್ತವೆ. ಬಿಲ್ಡರುಗಳು ಬೆಲೆ ಇಳಿಸದೆ ಪಾರ್ಕಿಂಗ್ ಫ್ರೀ, ಕಪಾಟು ಫ್ರೀ, ನೋಂದಣಿ ಖರ್ಚು ನಮ್ಮದು ಅಂತ ಕೊಡುತ್ತಾರಲ್ಲ, ಅದೂ ಬೆಲೆ ಇಳಿಕೆಯೇ. ಕಾಗದದಲ್ಲಿ ಇಳಿದಿರುವುದಿಲ್ಲ ಅಷ್ಟೇ.

ಬಾಡಿಗೆಯ ಪುಟ ಬೇರೆ ಇದೆ ನಿಮ್ಮಲ್ಲಿ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಸ ಜಾಹೀರಾತಿನಲ್ಲಿ ಕೇಳುವ ಬಾಡಿಗೆ ಬೇರೆ, ಈಗಾಗಲೇ ಇರುವವರು ಕೊಡುತ್ತಿರುವ ಬಾಡಿಗೆ ಬೇರೆ. ಮೊದಲನೆಯದನ್ನೇ "ಬಾಡಿಗೆ" ಅಂತ ಅಚ್ಚು ಹಾಕಿದರೆ, ಸುಮ್ಮನಿದ್ದ ಮಾಲೀಕನಿಗೂ ಏರಿಸುವ ಮನಸ್ಸಾಗುತ್ತದೆ.

ಇನ್ನೊಂದು ಗಮನಿಸಿದ್ದೇನೆ, ಸ್ವಲ್ಪ ತಮಾಷೆಯದು. ನಿಮ್ಮ ಹಳೇ ವರದಿಗಳನ್ನೆಲ್ಲ ತೆಗೆದು ಒಂದು ಭಾನುವಾರ ಕೂತು ಓದಿದೆ. ಬೆಲೆ ಏರಿದ ತಿಂಗಳು "ಮಾರುಕಟ್ಟೆ ಬಲವಾಗಿದೆ". ಬೆಲೆ ಇಳಿದ ತಿಂಗಳು "ಕೊಳ್ಳುವವರಿಗೆ ಒಳ್ಳೆಯ ಅವಕಾಶ". ಏನೂ ಆಗದ ತಿಂಗಳು "ಸ್ಥಿರತೆ". ಎರಡು ವರ್ಷದಲ್ಲಿ ಒಂದು ತಿಂಗಳೂ ಕೆಟ್ಟದಿರಲಿಲ್ಲ. ನಿಮ್ಮ ಮಂಡಳಿಯಲ್ಲಿ ಮನೆ ಮಾರಿಸುವವರೂ ಕಟ್ಟಿಸುವವರೂ ಇದ್ದಾರೆ, ಕೊಳ್ಳುವವರ ಕಡೆಯವರು ಯಾರೂ ಕಾಣಲಿಲ್ಲ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲದೆಯೂ ಇರಬಹುದು. "ಆರೋಗ್ಯಕರ" ಅನ್ನುವ ಪದ ಮಾತ್ರ ದಯವಿಟ್ಟು ಬಿಟ್ಟುಬಿಡಿ. ಯಾರ ಆರೋಗ್ಯ ಅಂತ ಹೇಳುವುದಿಲ್ಲ ನೀವು. ಮಾರುವವನ ಹಬ್ಬ ಕೊಳ್ಳುವವನಿಗೆ ಉಪವಾಸ.

ಈಗ ತಿದ್ದುಪಡಿಯ ವಿಷಯ. ಆ ಶೇ. 9 ಏನಾಯಿತು ಗೊತ್ತಾ? ಎರಡು ತಿಂಗಳ ನಂತರದ ವರದಿಯಲ್ಲಿ, ಕೋಷ್ಟಕದ ಕೆಳಗೆ, ನಕ್ಷತ್ರದ ಗುರುತಿನ ಪಕ್ಕ ಒಂದು ಸಾಲಿತ್ತು. ತಡವಾಗಿ ಲೆಕ್ಕಕ್ಕೆ ಬಂದ ಮಾರಾಟಗಳು ಸೇರಿ 23 ಇದ್ದದ್ದು 31 ಆಗಿದೆ, ಏರಿಕೆ ಶೇ. 2 ಅಂತ. ಒಂಬತ್ತು ಎರಡಾಯಿತು. ಒಂಬತ್ತು ಬಂದಾಗ ಹಸಿರು ಬಾಣ, ಎರಡಾದಾಗ ನಕ್ಷತ್ರ.

ಅಂಕಿ ತಿದ್ದುವುದು ನಾಚಿಕೆಯ ವಿಷಯವಲ್ಲ. ಅಮೆರಿಕದ ರಿಯಲ್ ಎಸ್ಟೇಟ್ ದಲ್ಲಾಳಿಗಳ ರಾಷ್ಟ್ರೀಯ ಸಂಘ 2011ರ ಡಿಸೆಂಬರಿನಲ್ಲಿ, 2007ರಿಂದ 2010ರವರೆಗಿನ ಹಳೇ ಮನೆ ಮಾರಾಟದ ಅಂಕಿಗಳನ್ನು ಶೇ. 14ರಷ್ಟು ತಗ್ಗಿಸಿತು. ಅಂದರೆ ನಡೆಯದೇ ಇದ್ದ ಮಾರಾಟಗಳನ್ನೂ ನಾಲ್ಕು ವರ್ಷ ಎಣಿಸಿದ್ದರು. ಮುಜುಗರದ ವಿಷಯವೇ, ಆದರೆ ಬಹಿರಂಗವಾಗಿ ಹೇಳಿದರು, ಯಾಕೆ ಹಾಗಾಯಿತು ಅಂತಲೂ ಹೇಳಿದರು. ಬ್ರಿಟನ್ನಿನವರು ಹೊಸ ಅಂಕಿ ಕೊಡುವಾಗಲೇ ಇದು ಮೊದಲ ಅಂದಾಜು, ಮುಂದೆ ಬದಲಾಗುತ್ತದೆ ಅಂತ ಬರೆದಿರುತ್ತಾರೆ. ನಿಮಗೆ ಆ ಮಟ್ಟದ ಕಷ್ಟವೇನೂ ಇಲ್ಲ. ತಿದ್ದಿದ ಅಂಕಿಯನ್ನು ಮೊದಲ ಪುಟದಲ್ಲೇ, ಹಳೆಯದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಶೇಕಡಾ ಎಲ್ಲಿ ಬರೆಯುತ್ತೀರೋ ಅಲ್ಲೇ, ಅದಕ್ಕೆ ಅಂಟಿಕೊಂಡ ಹಾಗೆ, ಎಷ್ಟು ಮನೆ ಅಂತ ಬರೆಯಿರಿ. 50ಕ್ಕಿಂತ ಕಡಿಮೆ ಮಾರಾಟ ಇದ್ದರೆ ತಿಂಗಳ ಶೇಕಡಾವನ್ನೇ ಹಾಕಬೇಡಿ, ಮೂರು ತಿಂಗಳದ್ದು ಹಾಕಿ. ಚಿಕ್ಕ ಮನೆ, ದೊಡ್ಡ ಮನೆ ಬೇರೆ ಮಾಡಿ. ಮಾರಾಟವಾಗದೆ ಉಳಿದ ಮನೆಗಳಿಗೆ ಎಷ್ಟು ವಯಸ್ಸಾಗಿದೆ ಅಂತ ಒಂದು ಸಾಲು ಕೊಡಿ, ಮರುಜಾಹೀರಾತು ಹಾಕಿದ್ದನ್ನು ಹಳೇ ದಿನಾಂಕದಿಂದಲೇ ಎಣಿಸಿ. ಎಲ್ಲ ಮಾಹಿತಿ ನಿಮ್ಮ ಹತ್ತಿರವೇ ಇದೆ, ಹೊಸದಾಗಿ ಯಾರನ್ನೂ ಕೇಳಬೇಕಾಗಿಲ್ಲ.

ಇದರಿಂದ ಕೊಳ್ಳುವವನಿಗೆ ಮಾತ್ರ ಲಾಭ, ನಾನು ನನ್ನ ಸ್ವಾರ್ಥಕ್ಕೆ ಬರೆಯುತ್ತಿದ್ದೇನೆ ಅಂತ ಯಾರಾದರೂ ಹೇಳುವುದಾದರೆ, ಆ ಯಜಮಾನರ ಕಥೆ ಪೂರ್ತಿ ಕೇಳಿ. ಅವರು ಕಾದರು. ಎರಡು ತಿಂಗಳು ಅಂದದ್ದು ಐದಾಯಿತು. ಬಂದವರೆಲ್ಲ ನಾವು ಹೇಳಿದ್ದಕ್ಕಿಂತ ಕಡಿಮೆಗೇ ಕೇಳಿದರಂತೆ. ಬೆಲೆ ಎರಡು ಸಲ ಇಳಿಸಿದರು, ದಲ್ಲಾಳಿ ಬದಲಿಸಿದರು. ನಡುವೆ ನಾವು ಮತ್ತೆ ಹೋಗಿ ಕೇಳೋಣ ಅಂದುಕೊಂಡಾಗ ಬಡ್ಡಿ ಏರಿ ನಮ್ಮ ಸಾಲದ ಮಿತಿಯೇ ಕಡಿಮೆಯಾಗಿತ್ತು, ಹಳೇ ಮೊತ್ತ ಹೇಳುವ ಹಾಗೂ ಇರಲಿಲ್ಲ, ಕಡಿಮೆ ಹೇಳಲು ಮುಖವೂ ಇರಲಿಲ್ಲ. ಮಗಳ ಹತ್ತಿರ ಹೋಗುವುದು ಮುಂದಕ್ಕೆ ಹೋಯಿತು. ಅವರಿಗೂ ನಷ್ಟ, ನಮಗೂ ನಷ್ಟ.

ಕಳೆದ ವಾರ ನಾನೂ ಹೆಂಡತಿಯೂ ಆ ಬೀದಿಯಲ್ಲಿ ಹೋದೆವು. ಹಿಂದಿನ ಗೋಡೆಗೆ ಹೊಸ ಸುಣ್ಣ ಬಳಿಸಿದ್ದಾರೆ. ಗೇಟಿಗೆ ಹೊಸ ಬೋರ್ಡು, ಮೂರನೇ ದಲ್ಲಾಳಿಯ ನಂಬರು. ಜಾಲತಾಣದಲ್ಲಿ ನೋಡಿದರೆ "ಹೊಸದು, ಮಾರಾಟಕ್ಕೆ ಬಂದು 6 ದಿನ" ಅಂತ ಇದೆ. ನಾವು ಆ ಮನೆಯ ಮೆಟ್ಟಿಲು ಇಳಿದು 14 ತಿಂಗಳಾಯಿತು. ಮುಂದಿನ ವರದಿಯಲ್ಲಿ ಅದನ್ನು ಎಷ್ಟು ದಿನದ ಮನೆ ಅಂತ ಎಣಿಸುತ್ತೀರಿ ಅನ್ನುವುದನ್ನು ಮಾತ್ರ ದಯವಿಟ್ಟು ತಿಳಿಸಿ.

ಇಂತಿ,
ನಿಮ್ಮ ಕೊನೇ ಪುಟದ ಓದುಗ